ಅಟ್ಟ ಹತ್ತದ ಚಿತ್ರಗಳು

ಹೋದ ವಾರ ಹುಕ್ಕೇರಿಯ ಸಂತೆಯಲ್ಲಿ ಬೆಲ್ಲ ಕೊಳ್ಳಲು ನಿಂತಿದ್ದೆ. ಮಳೆ ಆಗಷ್ಟೇ ನಿಂತಿತ್ತು. ಅಂಗಡಿಯವನು ತೊಯ್ದ ತಟ್ಟಿನ ಚೀಲವೊಂದನ್ನು ದರದರ ಎಳೆದು ಬದಿಗೆ ಹಾಕಿದ. ತೊಯ್ದ ಗೋಣಿ, ಕರಗಿದ ಬೆಲ್ಲ, ಅದರಡಿಯ ಕೆಸರು, ಇವೆಲ್ಲ ಕೂಡಿದ ವಾಸನೆ ಮೂಗಿಗೆ ಬಡಿಯಿತು ನೋಡಿ, ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಬರಿಗೈಯಲ್ಲಿ ಮನೆಗೆ ಬಂದೆ. ಬೆಲ್ಲ ಎಲ್ಲಿ ಎಂದು ನನ್ನವರು ಕೇಳಿದರು. ಸಿಗಲಿಲ್ಲ ಎಂದೆ. ಹುಕ್ಕೇರಿಯ ಸಂತೆಯಲ್ಲಿ ಬೆಲ್ಲ ಸಿಗಲಿಲ್ಲ ಎಂದರೆ ನಂಬುವಷ್ಟು ಪೆದ್ದರೇನೂ ಅಲ್ಲ ಅವರು.

ಆ ವಾಸನೆ ಗೋಕಾಕದಲ್ಲಿರುವ ನನ್ನ ತವರಿನ ಗೋದಾಮಿನದು. ಅದೂ ಒಂದೇ ಒಂದು ಮಳೆಗಾಲದ್ದು. ಎಷ್ಟೋ ವರ್ಷ ಆಯಿತಲ್ಲ, ಇನ್ನೂ ಯಾಕೆ ಕಟ್ಟಿಕೊಂಡು ಕೂತಿದ್ದೀ, ಮರೆತುಬಿಡು ಎಂದು ಬಳಗದವರು ಬುದ್ಧಿ ಹೇಳುತ್ತಾರೆ. ಬುದ್ಧಿ ಹೇಳುವವರ ಸಾಮಾನು ಯಾವುದೂ ನೀರಿಗೆ ಹೋಗಿರಲಿಲ್ಲ.

ನಮ್ಮ ಅಪ್ಪ ಮೂಡಲಗಿ ಪೇಟೆಯಲ್ಲಿ ಬೆಲ್ಲದ ಅಡತಿ ಇಟ್ಟವರು. ಅಡತಿ ಎಂದರೆ ರೈತರು ತಂದಿಳಿಸಿದ ಬೆಲ್ಲವನ್ನು ಅವರ ಪರವಾಗಿ ಮಾರಿಕೊಡುವ ದಂಧೆ. ಮಾರಾಟ ಆಗುವ ತನಕ ಮಾಲು ರೈತನದೇ, ಕಾಯುವ ಜವಾಬ್ದಾರಿ ಮಾತ್ರ ಅಡತಿಯವನದು. ನಾನು ಸಣ್ಣವಳಿದ್ದಾಗ ಒಂದು ಬೇಸಿಗೆಯಲ್ಲಿ ಅಡ್ಡಮಳೆ ಬಂತು. ಅಂಗಳದಲ್ಲಿ ರೈತರ ಬೆಲ್ಲವೂ ಇತ್ತು, ಅಪ್ಪ ಸ್ವಂತಕ್ಕೆ ಕೊಂಡಿಟ್ಟ ಬೆಲ್ಲವೂ ಇತ್ತು. ಇದ್ದದ್ದು ಒಂದೇ ತಾಡಪತ್ರಿ. ಅಪ್ಪ ಅದನ್ನು ರೈತರ ಬೆಲ್ಲದ ಮೇಲೆ ಎಳೆದರು. ನಮ್ಮದು ಕಣ್ಣೆದುರೇ ಕರಗಿ ಗಟಾರಕ್ಕೆ ಹರಿಯಿತು. ಮೂಡಲಗಿಯ ಪೇಟೆಯೆಲ್ಲ ಆ ಮಾತು ಆಡಿಕೊಂಡಿತು. ಮಂದಿಯ ಮಾಲು ಮೊದಲು, ಮನೆಯದು ಆಮೇಲೆ, ಅಡತಿಯವನೆಂದರೆ ಹೀಗಿರಬೇಕು ಎಂದು. ನನಗೂ ಹೆಮ್ಮೆಯೋ ಹೆಮ್ಮೆ. ಶಾಲೆಯಲ್ಲಿ ಗೆಳತಿಯರ ಮುಂದೆ ಆ ಕಥೆಗೆ ಉಪ್ಪುಖಾರ ಹಚ್ಚಿ ಹೇಳಿದ್ದೇ ಹೇಳಿದ್ದು.

ಆಮೇಲೆ ಸುತ್ತಲೂ ಸಕ್ಕರೆ ಕಾರ್ಖಾನೆಗಳಾದವು. ಕಬ್ಬೆಲ್ಲ ಅಲ್ಲಿಗೆ ಹೋಗತೊಡಗಿ ಬೆಲ್ಲದ ಗಾಣಗಳು ಒಂದೊಂದಾಗಿ ನಿಂತವು. ಗೋಕಾಕದ ಹಳೇ ಊರಿನಲ್ಲಿ, ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿ ಅಡತಿಯ ಬೆಲ್ಲ ತುಂಬಿಡುತ್ತಿದ್ದ ನಮ್ಮ ಗೋದಾಮು ಖಾಲಿ ಬಿದ್ದಿತು. ಅದೇ ಹೊತ್ತಿಗೆ ಅಪ್ಪ ವ್ಯಾಪಾರದ ಕೆಲಸಕ್ಕೆ ಕೊಲ್ಲಾಪುರಕ್ಕೆ ಹೋದವರು ಮಳೆ ಬಂತೆಂದು ಒಂದು ಚಿತ್ರಪ್ರದರ್ಶನದೊಳಗೆ ಹೊಕ್ಕರು. ಅಲ್ಲಿ ಒಂದು ಚಿತ್ರ. ಬರೀ ಕೆಂಪು, ನಡುವೆ ಒಂದು ತೆಳು ಕಪ್ಪು ಗೆರೆ. ಮಳೆ ನಿಂತರೂ ಅಪ್ಪ ಹೊರಗೆ ಬರಲಿಲ್ಲವಂತೆ. ಊಟದ ಹೊತ್ತು ಮೀರಿದ್ದೂ ತಿಳಿಯಲಿಲ್ಲವಂತೆ. ಆ ಚಿತ್ರವನ್ನು ಹೊತ್ತುಕೊಂಡೇ ಬಂದರು. ಅವ್ವ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಬಿಡಿಸುವುದು ಇನ್ನೂ ಬಾಕಿ ಇದೆಯೇನು ಎಂದು ಕೇಳಿದಳು.

ಹೀಗೆ ಗೋದಾಮಿಗೆ ಸುಣ್ಣ ಬಳಿದು, ದೀಪ ಹಾಕಿಸಿ, ಅಪ್ಪ ಆಧುನಿಕ ಚಿತ್ರಗಳ ಗ್ಯಾಲರಿ ತೆರೆದರು. ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಗೋಕಾಕಕ್ಕೆ ಜನ ಜಲಪಾತ ನೋಡಲು ಬರುತ್ತಾರೆ, ಹೋಗುವಾಗ ಕರದಂಟು ಕಟ್ಟಿಸಿಕೊಳ್ಳುತ್ತಾರೆ, ಮಕ್ಕಳಿಗೆ ಕಟ್ಟಿಗೆಯ ಗೊಂಬೆ ಒಯ್ಯುತ್ತಾರೆ. ಅರ್ಥವಾಗದ ಚಿತ್ರ ನೋಡಲು ಯಾರು ಬರುತ್ತಾರೆ? ಆದರೆ ಬಂದರು. ಮೊದಲು ಹಳೆಯ ಪರಿಚಯದ ರೈತರು, ಇದೇನ್ರಿ ಸಾವಕಾರ್ರ ಎಂದು ಕೇಳಲಿಕ್ಕೆ. ಆಮೇಲೆ ಬೆಳಗಾವಿ, ಧಾರವಾಡ, ಪುಣೆಯ ಕಡೆಯ ಚಿತ್ರಕಾರರು. ಅಪ್ಪ ಅವರ ಚಿತ್ರಗಳನ್ನು ಥೇಟು ಅಡತಿಯ ಹಾಗೇ ಇಟ್ಟುಕೊಂಡರು. ಮಾರಾಟ ಆಗುವ ತನಕ ಮಾಲು ಅವರದು, ಕಾಯುವುದು ನಮ್ಮದು. ಬೋರ್ಡಿನ ಮೇಲೆ ಏನೇ ಹೆಸರಿರಲಿ, ಊರಿನ ಬಾಯಲ್ಲಿ ಅದು ಬೆಲ್ಲದ ಗ್ಯಾಲರಿ.

ಮನೆಮಂದಿಯೆಲ್ಲ ಸೇರಿ ನಡೆಸುತ್ತಿದ್ದೆವು. ಅಪ್ಪ ಮಾತಾಡುವವರು. ಅಣ್ಣ ಮಲ್ಲಿಕಾರ್ಜುನ ಗಿರಾಕಿಗಳನ್ನು ನೋಡಿಕೊಳ್ಳುವವನು. ಅವ್ವ ಬಂದವರಿಗೆಲ್ಲ ಚಹಾ ಕೊಡುವವಳು. ಚಿತ್ರ ತೂಗುಹಾಕುವವಳು ನಾನು. ಮದುವೆಯಾಗಿ ಹುಕ್ಕೇರಿಗೆ ಬಂದು, ಅಲ್ಲೇ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆದ ಮೇಲೂ ರವಿವಾರ ಬಂತೆಂದರೆ ಬಸ್ಸು ಹಿಡಿದು ಗೋಕಾಕಕ್ಕೆ ಓಡುತ್ತಿದ್ದೆ. ಯಾವ ಗೋಡೆಗೆ ಮಧ್ಯಾಹ್ನದ ಬೆಳಕು ಬೀಳುತ್ತದೆ, ಯಾವ ಮೊಳೆ ಎಷ್ಟು ಭಾರ ತಾಳುತ್ತದೆ, ಯಾವ ಚಿತ್ರದ ಮಗ್ಗುಲಿಗೆ ಯಾವುದು ಕೂಡಬಾರದು, ಇದೆಲ್ಲ ನನ್ನ ಕೆಲಸ. ಬಂದವರಿಗೆ ಅಪ್ಪ ಪರಿಚಯ ಮಾಡಿಕೊಡುತ್ತಿದ್ದರು, ಇವಳು ನಮ್ಮ ಮಗಳು, ಚಿತ್ರ ಗೋಡೆಗೆ ಹಚ್ಚುವುದರಲ್ಲಿ ಇವಳ ಕೈ ಮೀರಿಸುವವರಿಲ್ಲ ಎಂದು. ಇವಳೂ ಚಿತ್ರ ಬರೆಯುತ್ತಾಳೆ ಎಂದು ಒಮ್ಮೆಯೂ ಹೇಳಲಿಲ್ಲ.

ನಾನು ಬರೆಯುತ್ತಿದ್ದೆ. ಹುಕ್ಕೇರಿಯ ಮನೆಯ ಹಿತ್ತಲಕೋಣೆಯಲ್ಲಿ, ಶಾಲೆ ಮುಗಿದ ಮೇಲೆ, ಒಲೆ ಆರಿಸಿದ ಮೇಲೆ. ಕಬ್ಬು ಕಡಿದ ಹೊಲದಲ್ಲಿ ಒಣ ಎಲೆ ಉಳಿಯುತ್ತದಲ್ಲ, ರವದಿ ಎನ್ನುತ್ತೇವೆ, ಅದಕ್ಕೆ ಬೆಂಕಿ ಹಾಕುತ್ತಾರೆ. ಸುಟ್ಟ ಮೇಲೆ ಆ ಹೊಲ ನೋಡಬೇಕು. ಅಷ್ಟು ಬಗೆಯ ಕಪ್ಪು ಬೇರೆಲ್ಲೂ ಇಲ್ಲ. ನಾನು ಆ ಹೊಲಗಳನ್ನೇ ಬರೆದೆ. ಅಂಗಡಿಯ ಕಪ್ಪು ಬಣ್ಣ ಸುಳ್ಳೆನಿಸಿ, ಹೊಲದ ಮಸಿಯನ್ನೇ ಚೀಲದಲ್ಲಿ ತಂದು, ವಸ್ತ್ರಗಾಳ ಹಿಡಿದು, ಅಂಟಿನಲ್ಲಿ ಕಲಸಿ ಬಟ್ಟೆಗೆ ಹಚ್ಚಿದೆ. ಎಷ್ಟೋ ಹಾಳಾದವು. ಒಂದು ಗೋದಾಮಿನ ಗೋಡೆ ತುಂಬುವಷ್ಟು ಉಳಿಯಲು ನನ್ನ ಹರೆಯವೇ ಕಳೆಯಿತು. ಇವು ನೀರು ತಾಳುವ ಚಿತ್ರಗಳಲ್ಲ ಎಂಬುದು ನನಗೆ ಗೊತ್ತಿತ್ತು, ಅಪ್ಪನಿಗೂ ಹೇಳಿದ್ದೆ. ಒದ್ದೆ ಬೆರಳು ತಾಗಿದರೂ ಕಪ್ಪು ಬೆರಳಿಗೆ ಬರುತ್ತಿತ್ತು.

ಅಪ್ಪ ಹುಕ್ಕೇರಿಗೆ ಬಂದಾಗಲೆಲ್ಲ ಆ ಕೋಣೆಯ ಬಾಗಿಲಲ್ಲಿ ನಿಂತು ಇಣುಕಿ, ಕಪ್ಪು ಬಹಳ ಆಯಿತು ಎಂದು ಊಟಕ್ಕೆ ಕೂರುತ್ತಿದ್ದರು. ಆ ವರ್ಷ ಮಾತ್ರ ಒಳಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದವರು ಕೈ ತೊಳೆದುಕೊಂಡು, ರೊಟ್ಟಿ ಮುರಿಯುತ್ತ, ನನ್ನ ಕಡೆ ನೋಡದೇ ಹೇಳಿದರು, "ಶ್ರಾವಣದಾಗ ನಿಂದ ಇಡೂನು."

ನಾನು ಅಡುಗೆಮನೆಗೆ ಹೋಗಿ ಅತ್ತೆ. ಏನು ಮಾಡಲಿ, ಅಷ್ಟು ದಿನ ಕಾದಿದ್ದೆ.

ಆಷಾಢದಲ್ಲಿ ನನ್ನವರು ಟೆಂಪೋ ಮಾಡಿದರು. ಒಂದೊಂದು ಚಿತ್ರವನ್ನೂ ಹಳೆಯ ಗೋಣಿತಟ್ಟಿನಲ್ಲಿ ಸುತ್ತಿ ಗೋಕಾಕಕ್ಕೆ ಮುಟ್ಟಿಸಿದೆವು. ಗೋಡೆ ಖಾಲಿಯಾಗಲು ಇನ್ನೂ ದಿನ ಇತ್ತು. ಅಲ್ಲಿ ಗೌತಮ ಎಂಬ ಹುಡುಗನ ಚಿತ್ರಗಳಿದ್ದವು. ಮೂಡಲಗಿ ಹತ್ತಿರದ ಬೌದ್ಧ ಮನೆತನದವನು, ಕಾಲೇಜಿನಲ್ಲಿ ಪಾಠ ಹೇಳುತ್ತಾನೆ, ಒಳ್ಳೆಯ ಕೈ. ಅವನ ಪ್ರದರ್ಶನ ಮುಗಿದ ಮೇಲೆ ನನ್ನದು. ಅಲ್ಲಿಯ ತನಕ ನನ್ನ ಚಿತ್ರಗಳನ್ನು ಒಳಗೋಡೆಗೆ ಆನಿಸಿ ನಿಲ್ಲಿಸಿದೆವು. ಅಣ್ಣ ಹೊಸದಾಗಿ ತಂದಿದ್ದ ಕೆಂಪು ಸೋಫಾದ ಹಿಂದೆ. ದೊಡ್ಡ ಗಿರಾಕಿಗಳು ನಿಂತು ನೋಡುವುದಿಲ್ಲ, ಕೂತು ನೋಡುತ್ತಾರೆ ಎಂಬುದು ಅಣ್ಣನ ಸಿದ್ಧಾಂತ. ಆಹಾ, ಏನು ಸೋಫಾ ಅದು.

ಆ ಸಲದ ಮಳೆ ಗೋಕಾಕದ ಮಳೆಯಲ್ಲ. ಘಟ್ಟದ ಕಡೆ ಬಿದ್ದದ್ದು. ನಮ್ಮಲ್ಲಿ ಬರೀ ಜಿನುಗು, ಸೆಗಣಿ ಬಳಿದ ಅಂಗಳ ಆರದಷ್ಟು. ಆದರೆ ನಮ್ಮ ಘಟಪ್ರಭಾ ಹೊಳೆ ದಿನದಿನಕ್ಕೆ ಕೆಂಪಾಗಿ ದಪ್ಪಗಾಗುತ್ತಿತ್ತು. ನನ್ನವರು ಹಿಡಕಲ್ ಅಣೆಕಟ್ಟಿನಲ್ಲಿ ನೀರಾವರಿ ಇಲಾಖೆಯ ನೌಕರಿಯವರು. ಅಣೆಕಟ್ಟು ತುಂಬುತ್ತ ಬಂದಿದೆ, ಇಂದು ಬಾಗಿಲು ತೆಗೆಯಲೇಬೇಕಾಗುತ್ತದೆ ಎಂದು ಒಂದು ಮುಂಜಾನೆ ಅಲ್ಲಿಂದಲೇ ಫೋನು ಮಾಡಿದರು. ನನಗೆ ಮೊದಲು, ಆಮೇಲೆ ಅಪ್ಪನಿಗೆ. ಸಂಜೆಯ ಹೊತ್ತಿಗೆ ನೀರು ನಿಮ್ಮ ಓಣಿಗೆ ಬರುತ್ತದೆ ಮಾವ, ಸಾಮಾನು ಗೋದಾಮಿನ ಅಟ್ಟಕ್ಕೆ ಒಯ್ಯಿರಿ ಎಂದು ಬಿಡಿಸಿ ಹೇಳಿದ್ದರು. ಸಂಜೆಯ ತನಕ ಹೊತ್ತಿತ್ತು. ಇದನ್ನು ನೀವು ನೆನಪಿಟ್ಟುಕೊಳ್ಳಬೇಕು. ಯಾಕೆಂದರೆ ಆಮೇಲೆ ಎಲ್ಲರೂ ಹೊತ್ತು ಸಾಲಲಿಲ್ಲ, ಹೊತ್ತು ಸಾಲಲಿಲ್ಲ ಎಂದೇ ಹೇಳಿಕೊಂಡು ತಿರುಗಿದರು.

ನಾನು ಶಾಲೆಗೆ ರಜೆ ಹಾಕಿ ಸಿಕ್ಕ ಬಸ್ಸು ಹತ್ತಿದೆ. ಅದು ಘಟಪ್ರಭಾ ಊರಲ್ಲೇ ನಿಂತಿತು. ಅಲ್ಲಿಂದ ಟಮ್‌ಟಮ್ ಹಿಡಿದು ಕೊಣ್ಣೂರ ಮುಟ್ಟಿದೆ. ಮುಂದೆ ಹಳ್ಳದ ನೀರು ರಸ್ತೆ ಮೇಲೆ ಬಂದಿದೆ ಎಂದು ಪೊಲೀಸರು ಹಗ್ಗ ಕಟ್ಟಿಬಿಟ್ಟಿದ್ದರು. ಕಾಲು ಹಿಡಿದರೂ ಬಿಡಲಿಲ್ಲ. ಬಿಡದಿದ್ದದ್ದು ಸರಿಯೇ, ಅವರನ್ನು ಏನನ್ನಲಿ. ಒಂದು ಕಿರಾಣಿ ಅಂಗಡಿಯ ತಗಡಿನ ಕೆಳಗೆ ನಿಂತು ಗೋದಾಮಿಗೆ ಫೋನು ಹಚ್ಚಿದೆ. ಅಪ್ಪ ಎತ್ತಿದರು. ಹಿಂದೆ ಹಮಾಲರ ಗದ್ದಲ ಕೇಳಿಸುತ್ತಿತ್ತು.

"ಅಪ್ಪಾ, ನನ್ನವು ಮೊದಲ ಮ್ಯಾಲ ಒಯ್ಯಿರಿ. ಅವು ನೀರ ತಡಿಯಾಂಗಿಲ್ಲ," ಎಂದೆ.

"ಅಡತಿ ಪದ್ಧತಿ ನಿನಗೇನ ಹೊಸಾದಲ್ಲ. ಮಂದೀದು ಮೊದಲ. ಮನೀದು ಆಮ್ಯಾಲ," ಎಂದರು ಅಪ್ಪ. ಗಟ್ಟಿಯಾಗಿ, ಹಮಾಲರಿಗೂ ಕೇಳಿಸುವ ಹಾಗೆ.

ಆಯಿತು ಎಂದೆ. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೂ ಅದು ಸರಿಯೆನಿಸಿತು. ಮಂದಿಯದನ್ನು ಒಯ್ಯಲಿ, ಮೊದಲು ಒಯ್ಯಲಿ. ಆಮೇಲೆ ನನ್ನದು ಇದ್ದೇ ಇದೆಯಲ್ಲ. ಮಧ್ಯಾಹ್ನ ಮತ್ತೆ ಹಚ್ಚಿದೆ, ಅವ್ವ ಎತ್ತಿದಳು, ಒಯ್ಯುತ್ತಿದ್ದಾರೆ ಎಂದಳು. ಇನ್ನೊಮ್ಮೆ ಹಚ್ಚಿದಾಗ ಅಣ್ಣ ಎತ್ತಿದ. "ಅಟ್ಟ ತುಂಬೈತಿ. ಜಾಗಾ ಇಲ್ಲ," ಎಂದ. ನಾನು ಇನ್ನೇನೋ ಹೇಳುವುದರಲ್ಲಿ ಕರೆಂಟು ಹೋಯಿತೋ ಟವರು ಹೋಯಿತೋ, ಫೋನು ಸತ್ತಿತು. ಕೊಣ್ಣೂರಿನಲ್ಲಿ ನಮ್ಮ ದೂರದ ಬಳಗದ ಮನೆಯೊಂದಿತ್ತು. ಅಲ್ಲಿ ಉಳಿದೆ. ಅವರು ಊಟಕ್ಕೆ ಹಾಕಿದರು, ಹಾಸಿಗೆ ಕೊಟ್ಟರು. ನಾನು ಮಾತ್ರ ಇಡೀ ಹೊತ್ತು ಮನಸ್ಸಿನಲ್ಲೇ ಅಟ್ಟದ ಮೇಲೆ ಜಾಗ ಹುಡುಕುತ್ತಿದ್ದೆ. ಎಷ್ಟು ಉದ್ದ, ಎಷ್ಟು ಅಗಲ ನನಗೆ ಗೊತ್ತಿತ್ತು. ನನ್ನ ಚಿತ್ರಗಳನ್ನು ಅಡ್ಡ ಮಲಗಿಸಿದರೆ ಒಂದು ಮಂಚದಷ್ಟು ಜಾಗ ಸಾಕಿತ್ತು.

ನೀರಿಳಿದು ದಾರಿ ಬಿಟ್ಟ ದಿನವೇ ಹೋದೆ. ಓಣಿಯ ತುಂಬ ಕೆಸರು. ಮಂದಿ ತಮ್ಮ ತಮ್ಮ ಬಾಗಿಲಲ್ಲಿ ಸಲಿಕೆ ಹಿಡಿದು ನಿಂತಿದ್ದರು. ಗೋದಾಮಿನ ಗೋಡೆಯ ಮೇಲೆ ನನ್ನ ತಲೆಗಿಂತ ಎತ್ತರದಲ್ಲಿ ನೀರಿನ ಗೆರೆ. ಒಳಗೆ ಕಾಲಿಟ್ಟರೆ ಆ ವಾಸನೆ. ಎಷ್ಟೋ ವರ್ಷ ಕುಡಿದ ಬೆಲ್ಲವನ್ನು ಆ ನೆಲ ಈಗ ಕಕ್ಕುತ್ತಿತ್ತು. ನನ್ನ ಚಿತ್ರಗಳು ನಿಲ್ಲಿಸಿದ ಜಾಗದಲ್ಲಿ ಇರಲಿಲ್ಲ. ನೀರು ಅವನ್ನು ಎತ್ತಿ, ತಿರುಗಿಸಿ, ಬಾಗಿಲ ಹಿಂದೆ ಒಂದರ ಮೇಲೊಂದು ಒಗೆದು ಹೋಗಿತ್ತು. ಗೋಣಿ ಬಿಚ್ಚಿದೆ. ಕಪ್ಪು ಬಹುಪಾಲು ಇಳಿದು ತಟ್ಟಿಗೆ ಹತ್ತಿತ್ತು. ಉಳಿದ ಕಪ್ಪಿನ ಮೇಲೆ ಹೊಳೆಯ ಕೆಂಪು ಕೆಸರು ಬೆರಳು ದಪ್ಪ ಕೂತಿತ್ತು. ಒಂದು ಬಿಚ್ಚಿದೆ, ಇನ್ನೊಂದು ಬಿಚ್ಚಿದೆ. ಮೂರನೆಯದನ್ನು ಬಿಚ್ಚಲು ಕೈ ಬರಲಿಲ್ಲ.

ಆಮೇಲೆ ಅಟ್ಟ ಹತ್ತಿದೆ. ಯಾಕೆ ಹತ್ತಿದೆನೋ, ಹತ್ತಬಾರದಿತ್ತು. ಗೌತಮನ ಚಿತ್ರಗಳು ಒಂದಿಷ್ಟೂ ತೊಯ್ಯದೆ ಗರಿಗರಿಯಾಗಿ ಕೂತಿದ್ದವು. ಬೆಳಗಾವಿಯವರವು, ಪುಣೆಯವರವು, ಎಲ್ಲ ಸುರಕ್ಷಿತ. ಸಂತೋಷ. ಅವುಗಳ ಮಗ್ಗುಲಿಗೆ ಅಪ್ಪನ ಕೊಲ್ಲಾಪುರದ ಕೆಂಪು ಚಿತ್ರ. ಅದರ ಮಗ್ಗುಲಿಗೆ, ನಡುಮನೆಯಲ್ಲಿ ಮದುಮಗನನ್ನು ಕೂರಿಸಿದ ಹಾಗೆ, ಪ್ಲಾಸ್ಟಿಕ್ ಹಾಳೆ ಹೊದ್ದುಕೊಂಡು ಸೋಫಾ.

ನಾನು ಅಲ್ಲಿಂದಲೇ ಅಪ್ಪನನ್ನು ಕರೆದೆ. ಬಂದರು, ಹಿಂದೆ ಅಣ್ಣನೂ ಬಂದ. ಮಂದಿಯದು ಮೊದಲು ಎಂದಿರಲ್ಲ, ಈ ಕೆಂಪು ಚಿತ್ರ ಯಾವ ಮಂದಿಯದು ಎಂದು ಕೇಳಿದೆ. ಅದು ಗ್ಯಾಲರಿಯ ಮೂಲ, ದೇವರಿದ್ದ ಹಾಗೆ ಎಂದರು. ಸೋಫಾ ಯಾವ ದೇವರು ಎಂದೆ. ಅಪ್ಪ ಅಣ್ಣನ ಮುಖ ನೋಡಿದರು. ಅಣ್ಣ ಹೇಳಿದ, "ಸೋಫಾ ಅಂಗಡೀದು. ನಿನ್ನವು ಮನೀವು. ಹೋದ್ರ ಮತ್ತ ಬರೀತಾಳ ಬಿಡು ಅಂದ್ಕೊಂಡ್ವಿ."

ಮತ್ತೆ ಬರೆಯುತ್ತಾಳೆ. ಹಪ್ಪಳ ಕಾಗೆ ಒಯ್ದರೆ ಮತ್ತೆ ಲಟ್ಟಿಸುತ್ತಾಳೆ ಎನ್ನುವ ಹಾಗೆ. ಬಾಯಿ ಬಿಟ್ಟರೆ ಏನು ಬರುತ್ತಿತ್ತೋ, ಕೆಳಗಿಳಿದು ಬಂದೆ.

ಎರಡು ದಿನ ಬಿಟ್ಟು ಗೌತಮ ತನ್ನ ಚಿತ್ರಗಳನ್ನು ನೋಡಲು ಬಂದ. ಒಂದು ಹನಿಯೂ ತಾಗಿಲ್ಲ ನೋಡು ಎಂದು ಅಪ್ಪ ಎದೆಯುಬ್ಬಿಸಿ ತೋರಿಸಿದರು. ಅವನು ಕೈ ಮುಗಿದ. ಆಮೇಲೆ ಅಂಗಳದಲ್ಲಿ ಒಣಗಲು ಹರವಿದ್ದ ನನ್ನವನ್ನು ನೋಡಿದ. ಸುಮಾರು ಹೊತ್ತು ಅಲ್ಲೇ ಕುಕ್ಕರಗಾಲಲ್ಲಿ ಕೂತ. "ಕಾಕಾ, ನಂದು ಎಣ್ಣಿಬಣ್ಣ. ತೊಯ್ದಿದ್ರೂ ಒರಸ್ಕೊಂಡ ಒಯ್ತಿದ್ದೆ," ಎಂದ, ಅಷ್ಟೇ. ಅಪ್ಪನ ಕಿವಿಗೆ ಆ ಮಾತು ಬೀಳಲಿಲ್ಲ, ಅಥವಾ ಬೀಳಗೊಡಲಿಲ್ಲ. ಆ ಹುಡುಗನ ಮೇಲೆ ನನಗೆ ಅಂದೂ ಸಿಟ್ಟಿರಲಿಲ್ಲ, ಇಂದೂ ಇಲ್ಲ.

ಮನೆಯೊಳಗಿನ ಮಾತು ಮನೆಯೊಳಗೇ ಉಳಿದಿದ್ದರೆ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ನೆರೆಯ ಸುದ್ದಿ ಬರೆಯಲು ಓಣಿಗೆ ಪೇಪರಿನವನೊಬ್ಬ ಬಂದ. ಅಪ್ಪ ಅವನಿಗೆ ಹಳೆಯ ಬೆಲ್ಲದ ಕಥೆ ಹೇಳಿದರು, ಅದಕ್ಕೆ ಹೊಸ ನೆರೆಯ ಕಥೆ ಜೋಡಿಸಿದರು. ಮರುದಿನ ಅಪ್ಪನ ಫೋಟೋ ಬಂತು. ಸ್ವಂತ ಮಗಳ ಚಿತ್ರಗಳನ್ನು ಹೊಳೆಗೆ ಬಿಟ್ಟು ಪರರ ಚಿತ್ರಗಳನ್ನು ಕಾಯ್ದ ಹಿರಿಯರು ಎಂದು. ನನ್ನ ಹೆಸರಿರಲಿಲ್ಲ, ಮಗಳು ಎಂದಿತ್ತು. ಸೋಫಾದ ಸುದ್ದಿಯೂ ಇರಲಿಲ್ಲ. ಆಮೇಲೆ ಕೇಳಬೇಕೇ? ಬಂದವರೆಲ್ಲ ಅಪ್ಪನ ಕಾಲು ಮುಟ್ಟಿದ್ದೇ ಮುಟ್ಟಿದ್ದು. ಊರಿನ ಸಭೆಯೊಂದರಲ್ಲಿ ಕರೆದು ಶಾಲು ಹೊದಿಸಿದರು. ನನ್ನನ್ನೂ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಭಾಷಣದವರು ನನ್ನ ಕಡೆ ಕೈ ತೋರಿಸಿ, ಇಂಥ ತಂದೆಯ ಹೊಟ್ಟೆಯಲ್ಲಿ ಹುಟ್ಟಲು ಪುಣ್ಯ ಬೇಕು ಎಂದರು. ಜನ ಚಪ್ಪಾಳೆ ತಟ್ಟಿದರು. ಕಳಕೊಂಡವಳು ನಾನು, ತ್ಯಾಗ ಮಾಡಿದವರು ಅವರು. ನಾನು ಹಲ್ಲು ಕಚ್ಚಿ ಕೂತೆ. ಎದ್ದು ಹೊರಟರೆ ಶಾಲಿಗಿಂತ ದೊಡ್ಡ ಸುದ್ದಿಯಾಗುತ್ತಿತ್ತು.

ನನ್ನ ಚಿತ್ರಗಳನ್ನು ಟೆಂಪೋದಲ್ಲಿ ಹುಕ್ಕೇರಿಗೆ ಮರಳಿ ಒಯ್ದೆವು. ಒಂದನ್ನು ಅಣ್ಣ ಇಟ್ಟುಕೊಂಡ, ನೆರೆಯ ನೆನಪಿಗೆ ಇರಲಿ ಎಂದ. ಬೇಕಾದರೆ ಎಲ್ಲ ಇಟ್ಟುಕೋ ಎನ್ನುವಷ್ಟು ಬೇಸತ್ತಿದ್ದೆ, ಇರಲಿ ಬಿಡು ಎಂದೆ. ಹಿತ್ತಲಕೋಣೆಯಲ್ಲಿ ಉಳಿದವನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ.

ಗೋದಾಮು ಒಣಗಿತು. ಸುಣ್ಣ ಬಿತ್ತು. ಮಹಾನವಮಿ ಕಳೆದು ದೀಪಾವಳಿಗೆ ಮತ್ತೆ ಬಾಗಿಲು ತೆರೆಯುವುದೆಂದಾಯಿತು. ನಾಚಿಕೆ ಬಿಟ್ಟು ನಾನು ಕೇಳಿದೆ, ನನ್ನ ಪ್ರದರ್ಶನ ಯಾವಾಗ, ಹೊಸವು ಬರೆಯುತ್ತೇನೆ, ವರ್ಷ ಕೊಡಿ ಎಂದು. ಅಪ್ಪ ಅಣ್ಣನನ್ನು ಕೇಳು ಎಂದರು. ಇನ್ನು ಮುಂದೆ ಎಲ್ಲ ಅವನದೇ ಅಂತೆ. ಹೊಸ ಬೋರ್ಡಿನ ಮೇಲೆ ಅವರಿಬ್ಬರ ಹೆಸರೂ ಬರೆಸಿಯಾಗಿತ್ತು. ಅಣ್ಣ ಅಳೆದು ಸುರಿದು ಹೇಳಿದ, ಸರದಿಯಲ್ಲಿ ಬಹಳ ಮಂದಿ ಇದ್ದಾರೆ, ಮನೆಯವರಿಗೇ ಗೋಡೆ ಕೊಟ್ಟರೆ ನಾಲ್ಕು ಜನ ಆಡಿಕೊಳ್ಳುತ್ತಾರೆ ಎಂದು. ಹಾಗಾದರೆ ಬೋರ್ಡಿನ ಮೇಲೆ ನನ್ನ ಹೆಸರೂ ಬರೆಸು, ನಾನೂ ಇಷ್ಟು ವರ್ಷ ದುಡಿದಿದ್ದೇನೆ ಎಂದೆ. ನೀನು ಈಗ ಹುಕ್ಕೇರಿಯವಳು, ಕೊಟ್ಟ ಹೆಣ್ಣಿನ ಹೆಸರು ತವರಿನ ಬೋರ್ಡಿನ ಮೇಲೆ ಹೇಗೆ ಬರೆಸುವುದು ಎಂದು ನಕ್ಕ.

"ಹೊಳಿ ಬಂದಾಗ ನಾ ಮನಿಯಾಕಿ. ಬೋರ್ಡ ಬರಸೂಮುಂದ ಹೊರಗಿನಾಕಿ. ಯಾವುದರ ಒಂದ ಹೇಳ್ರಿ," ಎಂದೆ.

ಯಾರೂ ಹೇಳಲಿಲ್ಲ. ಅವ್ವ ನನ್ನನ್ನು ಒಳಗೆ ಕರೆದು, ತಲೆ ನೇವರಿಸಿ, "ನನಗೂ ಯಾರೂ ಹೇಳಿಲ್ಲವ್ವ," ಎಂದಳು. ಅವಳ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ.

ಆದರೂ ದೀಪಾವಳಿಗೆ ಹೋದೆ. ಹೋಗದಿದ್ದರೆ ಅವ್ವ ಹಬ್ಬದೂಟ ಬಾಯಿಗಿಡುವುದಿಲ್ಲ. ಲಕ್ಷ್ಮೀಪೂಜೆ ಮುಗಿದು ಅತಿಥಿಗಳು ಬರತೊಡಗಿದ್ದರು. ಈ ಸಲ ಚಿತ್ರ ತೂಗುಹಾಕಲು ನನ್ನನ್ನು ಕರೆದಿರಲಿಲ್ಲ, ಹೊರಗಿನಿಂದ ಯಾರನ್ನೋ ಕರೆಸಿದ್ದರು. ಒಳಗೆ ಹೋದರೆ ಎದುರುಗೋಡೆಯ ನಟ್ಟನಡುವೆ, ಎಲ್ಲಕ್ಕಿಂತ ಒಳ್ಳೆಯ ಬೆಳಕಿನಲ್ಲಿ ನನ್ನ ಚಿತ್ರ. ಅಣ್ಣ ಇಟ್ಟುಕೊಂಡಿದ್ದು. ಕೆಳಗರ್ಧ ಕೆಂಪು ಕೆಸರು ಒಣಗಿ ಸೀಳು ಬಿಟ್ಟಿತ್ತು. ಮೇಲಿನ ಮೂಲೆಯಲ್ಲಿ ನನ್ನ ಕಪ್ಪು ಅಂಗೈಯಗಲ ಉಳಿದಿತ್ತು. ಕಟ್ಟು ಹಾಕಿಸಿ, ಗಾಜು ಕೂರಿಸಿದ್ದರು. ಜನ ಮುತ್ತಿಕೊಂಡಿದ್ದರು. ಪುಣೆಯ ಕಡೆಯವರೊಬ್ಬರು ಸೋಫಾದ ತುದಿಗೆ ಸರಿದು ಕೂತು ತದೇಕಚಿತ್ತದಿಂದ ನೋಡುತ್ತಿದ್ದರು. ನನ್ನ ಎದೆ ಒಮ್ಮೆ ಹಿಗ್ಗಿತು, ಸುಳ್ಳು ಯಾಕೆ ಹೇಳಲಿ. ಹತ್ತಿರ ಹೋಗಿ ಕೆಳಗಿನ ಚೀಟಿ ಓದಿದೆ. ಕಲಾವಿದರ ಹೆಸರು ಬರೆಯುವ ಜಾಗದಲ್ಲಿ "ಘಟಪ್ರಭಾ ನದಿ" ಎಂದಿತ್ತು.

ಅಣ್ಣ ಅತಿಥಿಗಳಿಗೆ ವಿವರಿಸುತ್ತಿದ್ದ, ಇದು ಮನುಷ್ಯರು ಬರೆದದ್ದಲ್ಲ, ಹೊಳೆಯೇ ನಮ್ಮ ಗೋದಾಮಿಗೆ ಬಂದು ಬರೆದು ಹೋದದ್ದು ಎಂದು. ಅವರೆಲ್ಲ ವಾಹ್ ವಾಹ್ ಎಂದರು. ನಾನು ನೆಟ್ಟಗೆ ಹೋಗಿ ಮೊಳೆಯಿಂದ ಚಿತ್ರ ಇಳಿಸಿದೆ. ಆ ಗೋಡೆಯ ಮೊಳೆಗಳೆಲ್ಲ ನನ್ನ ಕೈಯವೇ. ಅಪ್ಪ ಶಾಲು ಸರಿಮಾಡಿಕೊಳ್ಳುತ್ತ ಹತ್ತಿರ ಬಂದು, ದನಿ ತಗ್ಗಿಸಿ ಹೇಳಿದರು, "ಇಡು. ಅದು ಈಗ ಅಂಗಡೀದು."

"ಅಂಗಡೀದಾಗಿದ್ರ ಅವತ್ತ ಅಟ್ಟಕ್ಕ ಯಾಕ ಒಯ್ಯಲಿಲ್ಲ?" ಎಂದೆ. ನಾನು ದನಿ ತಗ್ಗಿಸಲಿಲ್ಲ.

ನನ್ನ ಕೈಯಿಂದ ಅಣ್ಣ ಚಿತ್ರ ತೆಗೆದುಕೊಂಡು, ಅಕ್ಕಪಕ್ಕದವರಿಗೆ ಒಂದು ನಗೆ ನಕ್ಕು, ತಿರುಗಿ ಮೊಳೆಗೆ ಹಾಕಿದ. ಎಳೆದಾಡಿದ್ದರೆ ಗಾಜು ಒಡೆಯುತ್ತಿತ್ತು. ನಾನು ಚಪ್ಪಲಿ ಮೆಟ್ಟಿ ಹುಕ್ಕೇರಿಯ ಬಸ್ಸಿಗೆ ಬಂದೆ. ಅವ್ವ ಓಣಿಯ ತನಕ ಹಿಂದೆ ಬಂದು ಹೋಳಿಗೆಯ ಗಂಟು ಕೊಟ್ಟು ಹೋದಳು.

ಚಳಿ ಬಿದ್ದ ಮೇಲೆ ಒಂದು ದಿನ ಅಣ್ಣನ ಫೋನು ಬಂತು. ಏನೂ ಆಗಿಲ್ಲವೆನ್ನುವಂಥ ದನಿ. ಮಕ್ಕಳು ಹೇಗಿದ್ದಾರೆ, ಮಾವನವರು ಹೇಗಿದ್ದಾರೆ ಎಂದೆಲ್ಲ ಕೇಳಿ ಮುಗಿಸಿ ವಿಷಯಕ್ಕೆ ಬಂದ. ಆ ಚಿತ್ರ ಪುಣೆಯವರಿಗೆ ಮಾರಿಹೋಯಿತಂತೆ. ಅವರು ಅಂಥವೇ ಇನ್ನೂ ಬೇಕೆನ್ನುತ್ತಿದ್ದಾರಂತೆ. ಇಡೀ ಗೋಡೆ ಬರೀ ಅವೇ ಇಡೋಣ, ಶ್ರಾವಣದವರೆಗೆ ಕಾಯುವುದೂ ಬೇಡ, ಮುಂದಿನ ತಿಂಗಳೇ ಇಡೋಣ ಎಂದ. "ಉಳದಾವು ನಿನ್ನ ಹಂತ್ಯಾಕ ಅದಾವಲ್ಲ. ರವಿವಾರ ಟೆಂಪೋ ಕಳಸ್ತೇನಿ. ಅವನ್ನ ಹಂಗ ಇಡು, ಕೈ ಹಚ್ಚಬ್ಯಾಡ ಮತ್ತ," ಎಂದ.

ಹೆಸರು ಯಾರದು ಹಾಕುತ್ತೀ ಎಂದು ಕೇಳಿದೆ. ಹೊಳೆಯ ಹೆಸರೇ ಇರಲಿ, ಜನಕ್ಕೆ ಅದೇ ಹಿಡಿಸಿದೆ ಎಂದ. ಹೂಂ ಎಂದು ಇಟ್ಟೆ.

ರವಿವಾರ ಬರುವ ತನಕ ಕಾಯಲಿಲ್ಲ. ಮರುದಿನ ಬಿಸಿಲೇರಿದ ಮೇಲೆ ಹಿತ್ತಲಕೋಣೆಯ ಬಾಗಿಲು ತೆಗೆದು ಎಲ್ಲವನ್ನೂ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ತಂದೆ. ನಳಕ್ಕೆ ಪೈಪು ಹಚ್ಚಿದೆ, ತೆಂಗಿನ ನಾರು ತಗೊಂಡೆ. ಮೊದಲು ಹೊಳೆಯ ಕೆಂಪು ಕೆಸರು ಇಳಿಯಿತು. ಅದರ ಹಿಂದೆ ನನ್ನ ಕಪ್ಪು ಇಳಿಯಿತು. ಅಷ್ಟು ವರ್ಷಗಳ ಕಪ್ಪು, ಹಿತ್ತಲ ಬಾಳೆಯ ಬುಡಕ್ಕೆ ಕಾಲುವೆಯಾಗಿ ಹರಿಯಿತು. ಒಂದೊಂದೇ ಬರೀ ಬಟ್ಟೆಯಾಗುತ್ತಾ ಬಂತು. ನನ್ನವರು ಬಾಗಿಲಲ್ಲಿ ನಿಂತು ನೋಡಿದರು. ತಡೆಯಲಿಲ್ಲ. ಸ್ವಲ್ಪ ಹೊತ್ತಿಗೆ ಅಂಗಿಯ ತೋಳು ಮಡಿಸಿ ಬಂದು ಆ ತುದಿ ಹಿಡಿದರು. ನನಗೆ ಅಳು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಸಿಟ್ಟಿತ್ತು, ಕೊನೆಯದು ಮುಗಿಯುವ ತನಕ ಇತ್ತು, ಅಂಗೈ ಸುಲಿದರೂ ಇತ್ತು.

ರವಿವಾರ ಬಂದ ಟೆಂಪೋ ಖಾಲಿ ಹೋಯಿತು. ಸಂಜೆ ಅಪ್ಪನೇ ಫೋನು ಮಾಡಿದರು. ಅಷ್ಟು ದಿನ ಅವರ ದನಿ ಕೇಳಿರಲಿಲ್ಲ, ಬಹಳ ಸೋತಿತ್ತು.

"ಎಲ್ಲಾ ತೊಳದಿಯಂತ?"

"ಹೌದ್ರಿ."

"ಯಾಕವ್ವ?"

"ನನ್ನವು ಇದ್ದುವು, ಅದಕ್ಕ," ಎಂದೆ.

ಅಪ್ಪ ಫೋನು ಇಟ್ಟರು.